ಟ್ರ್ಯಾಕ್ಟರ್ ಬ್ಯಾಟರಿ ಪದೇ ಪದೇ ಸಾಯೋದ್ಯಾಕೆ? ಹಳೇ ಡೈನಮೋ ಹೇಳೋ ಕಥೆ

ಇದನ್ನ ಕೇಳ್ತಿರೋ ನಿಮ್ಮ ಫೋನ್‌ನಲ್ಲಿ ಈಗ ಬ್ಯಾಟರಿ ಎಷ್ಟು ಪರ್ಸೆಂಟ್ ಇದೆ? ಮೇಲೆ ಮೂಲೆಯಲ್ಲಿ ಒಂದು ಸಂಖ್ಯೆ ಕಾಣಿಸುತ್ತೆ, ಅಲ್ವಾ? ಚಾರ್ಜರ್ ಹಾಕಿದರೆ ಮಿಂಚಿನ ಗುರುತೂ ಬರುತ್ತೆ. 1950ರ ದಶಕದ ಟ್ರ್ಯಾಕ್ಟರ್‌ನಲ್ಲಿ ಈ ಸುಖ ಇರಲಿಲ್ಲ. ಇದ್ದದ್ದು ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ಮುಳ್ಳು, ಅಮ್ಮೀಟರ್. ಆಮೇಲೆ ಬಂದ ಗಾಡಿಗಳಲ್ಲಿ ಒಂದು ಕೆಂಪು ದೀಪ. ಅಷ್ಟೇ.

ಹಳೇ ಟ್ರ್ಯಾಕ್ಟರ್ ಇರೋ ಮನೆಯವರಿಗೆ ಈ ದೃಶ್ಯ ಗೊತ್ತಿರುತ್ತೆ. ಮಳೆ ಬಿದ್ದಿದೆ, ಹೊಲ ಹದಕ್ಕೆ ಬಂದಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ "ಟಕ್" ಅನ್ನೋ ಸದ್ದು ಮಾತ್ರ. ಬ್ಯಾಟರಿ ಹೋಯ್ತು ಅಂತ ಹೊಸದು ತಂದು ಹಾಕ್ತಾರೆ. ಹದಿನೈದು ದಿನ ಚೆನ್ನಾಗಿರುತ್ತೆ. ಆಮೇಲೆ ಅದೂ "ಟಕ್".

ಇವತ್ತಿನ ಸಂಚಿಕೆಯಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟು: ಇಂಥ ಕೇಸ್‌ಗಳಲ್ಲಿ ಎಷ್ಟೋ ಸಲ ಬ್ಯಾಟರಿ ಅಪರಾಧಿ ಅಲ್ಲ, ಬಲಿಪಶು. ನಿಜವಾದ ಅಪರಾಧಿಯನ್ನ ಹುಡುಕೋಕೆ ಕಂಪ್ಯೂಟರ್ ಬೇಡ, ಆ ಯಂತ್ರದ ಇತಿಹಾಸ ಗೊತ್ತಿದ್ದರೆ ಸಾಕು. ಯಾಕಂದ್ರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿರೋ ಒಂದೊಂದು ಪಾರ್ಟೂ ಯಾವುದೋ ಕಾಲದಲ್ಲಿ ಎದ್ದ ಒಂದೊಂದು ಪ್ರಶ್ನೆಗೆ ಸಿಕ್ಕ ಉತ್ತರ.

ಒಂದು ಹ್ಯಾಂಡ್‌ಶೇಕ್, ಒಂದು ಕೋರ್ಟ್ ಕೇಸು

ಮೊದಲು ಗಾಡಿ ಪರಿಚಯ. ಹ್ಯಾರಿ ಫರ್ಗ್ಯೂಸನ್ ಅಂತ ಒಬ್ಬ ಐರಿಷ್ ಮನುಷ್ಯ. ಹುಟ್ಟಿದ್ದು 1884ರಲ್ಲಿ, ರೈತರ ಮನೆಯಲ್ಲಿ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನ ಹಾರಿಸಿದ ಆಸಾಮಿ. ಆಮೇಲೆ ವಿಮಾನ ಬಿಟ್ಟು ನೇಗಿಲಿಗೆ ಬಂದ. ನೇಗಿಲನ್ನ ಹಿಂದೆ ಸುಮ್ಮನೆ ಎಳೆಯೋ ಬದಲು, ಮೂರು ಕಡೆ ಸಿಕ್ಕಿಸಿ ಹೈಡ್ರಾಲಿಕ್‌ನಿಂದ ಎತ್ತೋ ವ್ಯವಸ್ಥೆ ಮಾಡಿದ. ಇವತ್ತು ನೀವು ಯಾವ ಟ್ರ್ಯಾಕ್ಟರ್ ಹಿಂದೆ ನೋಡಿದರೂ ಕಾಣೋ ತ್ರೀ-ಪಾಯಿಂಟ್ ಲಿಂಕೇಜ್ ಅದೇ.

1938ರಲ್ಲಿ ಫರ್ಗ್ಯೂಸನ್ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್ ಜೊತೆ ಒಪ್ಪಂದ ಮಾಡಿಕೊಂಡ. ಕಾಗದ ಪತ್ರ ಏನಿಲ್ಲ, ಬರೀ ಕೈಕುಲುಕು. 1939ರಲ್ಲಿ ಫೋರ್ಡ್ 9ಎನ್ ಬಂತು. ಯುದ್ಧ ಮುಗಿದ ಮೇಲೆ ಫೋರ್ಡ್ ಕಂಪನಿ ಒಪ್ಪಂದದಿಂದ ಹೊರಬಂದು 1947ರಲ್ಲಿ ತನ್ನದೇ 8ಎನ್ ಇಳಿಸಿತು. ಫರ್ಗ್ಯೂಸನ್ ಕೋರ್ಟಿಗೆ ಹೋದ. 1952ರಲ್ಲಿ 92.5 ಲಕ್ಷ ಡಾಲರ್‌ಗೆ ರಾಜಿ ಆಯ್ತು. ನಾನು ಓದಿದ್ದು ಕಾಮರ್ಸ್, ಅದಕ್ಕೆ ಕೇಸಿನ ಮೊತ್ತ ಬಾಯಿಗೆ ಬೇಗ ಬರುತ್ತೆ, ಕ್ಷಮಿಸಿ.

ಅತ್ತ 1946ರಿಂದ ಇಂಗ್ಲೆಂಡಿನ ಕಾವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಫರ್ಗ್ಯೂಸನ್ ಟಿಇ20 ತಯಾರಾಗೋಕೆ ಶುರುವಾಗಿತ್ತು. ಬೂದು ಬಣ್ಣದ ಪುಟ್ಟ ಗಾಡಿ. 1956ರವರೆಗೆ 5 ಲಕ್ಷಕ್ಕೂ ಹೆಚ್ಚು ಹೊರಬಂದವು. 1953ರಲ್ಲಿ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು, ಕೊನೆಗೆ ಹೆಸರು ಮ್ಯಾಸಿ ಫರ್ಗ್ಯೂಸನ್ ಆಯ್ತು. ಟಿಇ20 ನಂತರ ಬಂದದ್ದು 35. 1960ರಲ್ಲಿ ಚೆನ್ನೈನಲ್ಲಿ ಶುರುವಾದ ಟಾಫೆ ಕಂಪನಿ ಮ್ಯಾಸಿ ಫರ್ಗ್ಯೂಸನ್ ಗಾಡಿಗಳನ್ನ ಇಲ್ಲೇ ಮಾಡೋಕೆ ಶುರುಮಾಡಿತು. ನಮ್ಮ ಹಳ್ಳಿಗಳಲ್ಲಿ "ಮ್ಯಾಸಿ" ಅಂತ ಕರೆಯೋ ಕೆಂಪು 1035 ಆ 35ರ ವಂಶದ್ದೇ. ಅಂದ್ರೆ ಕಾವೆಂಟ್ರಿಯ ಕಥೆ ನಮ್ಮೂರಿನ ಕೊಟ್ಟಿಗೆವರೆಗೂ ಬರುತ್ತೆ.

ಶೇಷ ಉಳಿದ ಕಾಂತ

ಈಗ ಡೈನಮೋಗೆ ಬರೋಣ. 1831ರಲ್ಲಿ ಮೈಕಲ್ ಫ್ಯಾರಡೆ ಒಂದು ವಿಷಯ ತೋರಿಸಿಕೊಟ್ಟ. ಕಾಂತದ ಪಕ್ಕ ತಂತಿ ಚಲಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಸರಿ, ಆದರೆ ದೊಡ್ಡ ಕರೆಂಟ್ ಬೇಕಾದರೆ ದೊಡ್ಡ ಕಾಂತ ಬೇಕು. ಅಷ್ಟು ಬಲವಾದ ಶಾಶ್ವತ ಕಾಂತ ಆಗ ಎಲ್ಲಿತ್ತು?

1866-67ರ ಹೊತ್ತಿಗೆ ಜರ್ಮನಿಯ ವರ್ನರ್ ಸೀಮೆನ್ಸ್, ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಮತ್ತು ಸ್ಯಾಮ್ಯುಯೆಲ್ ವಾರ್ಲಿ, ಮೂರೂ ಜನ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಒಂದೇ ಉಪಾಯಕ್ಕೆ ಬಂದರು. ಒಮ್ಮೆ ಕಾಂತ ಆಗಿದ್ದ ಕಬ್ಬಿಣದಲ್ಲಿ ಸ್ವಲ್ಪ ಕಾಂತತ್ವ ಉಳಿದೇ ಇರುತ್ತೆ. ಆ ಶೇಷದಿಂದ ಶುರುವಾಗೋ ಚೂರು ಕರೆಂಟನ್ನ ವಾಪಸ್ ಕಾಂತದ ಸುರುಳಿಗೇ ಕೊಟ್ಟರೆ ಕಾಂತ ಬಲವಾಗುತ್ತೆ. ಕಾಂತ ಬಲವಾದರೆ ಕರೆಂಟ್ ಹೆಚ್ಚುತ್ತೆ. ಹೆಚ್ಚಿದ ಕರೆಂಟ್ ಕಾಂತವನ್ನ ಇನ್ನೂ ಬಲ ಮಾಡುತ್ತೆ. ಚಕ್ರಬಡ್ಡಿ ಅಂತಾರಲ್ಲ, ಥೇಟ್ ಅದೇ. ಸಣ್ಣ ಅಸಲಿನಿಂದ ದೊಡ್ಡ ಮೊತ್ತ.

ಈ ಮಾತು ನೆನಪಿಡಿ, ರಿಪೇರಿಗೆ ಬೇಕಾಗುತ್ತೆ. ಆರೇಳು ವರ್ಷ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರ್‌ನ ಡೈನಮೋ ಒಳಗೆ ಒಂದೂ ಪಾರ್ಟ್ ಹಾಳಾಗದೇ ಇದ್ದರೂ ಚಾರ್ಜ್ ಕೊಡದೇ ಇರಬಹುದು. ಶೇಷ ಕಾಂತತ್ವ ಸೊರಗಿದ್ದರೆ ಚಕ್ರಬಡ್ಡಿ ಶುರುವಾಗೋಕೆ ಅಸಲೇ ಇಲ್ಲ!

ಕಟೌಟ್ ಅಂದ್ರೆ ಸಿನಿಮಾದ್ದಲ್ಲ

ಡೈನಮೋ ಜೊತೆ ಬ್ಯಾಟರಿ ಜೋಡಿಸಿದಾಗ ಎರಡನೇ ಪ್ರಶ್ನೆ ಎದ್ದಿತು. ಎಂಜಿನ್ ಓಡೋವಾಗ ಡೈನಮೋ ಬ್ಯಾಟರಿಗೆ ತುಂಬುತ್ತೆ, ಸರಿ. ಎಂಜಿನ್ ನಿಂತಾಗ? ಬ್ಯಾಟರಿಯ ಕರೆಂಟ್ ವಾಪಸ್ ಡೈನಮೋಗೆ ಹರಿದುಬಿಡುತ್ತೆ. ಒಂದು ರಾತ್ರಿಯಲ್ಲಿ ಬ್ಯಾಟರಿ ಖಾಲಿ. ಇದಕ್ಕೆ ಉತ್ತರವೇ ಕಟೌಟ್. ಥಿಯೇಟರ್ ಮುಂದೆ ಹಾರ ಹಾಕ್ತೀವಲ್ಲ, ಆ ಕಟೌಟ್ ಅಲ್ಲ. ಇದು ಒಂದು ಕಾಂತದ ಸ್ವಿಚ್. ಡೈನಮೋ ವೋಲ್ಟೇಜ್ ಬ್ಯಾಟರಿಗಿಂತ ಮೇಲೆ, ಸುಮಾರು 13 ವೋಲ್ಟ್ ಹತ್ತಿರ ಬಂದಾಗ ಬಾಗಿಲು ತೆಗೆದ ಹಾಗೆ ಪಾಯಿಂಟ್‌ಗಳು ಸೇರುತ್ತವೆ. ಕರೆಂಟ್ ಹಿಂದಕ್ಕೆ ಹರಿಯೋಕೆ ಶುರುವಾದರೆ ಬಿಡುತ್ತವೆ.

ಮೂರನೇ ಪ್ರಶ್ನೆ: ಎಂಜಿನ್ ಜೋರಾಗಿ ಓಡಿದಾಗ ಡೈನಮೋ ಅತಿಯಾಗಿ ಚಾರ್ಜ್ ಮಾಡಿದರೆ? ಮೊದಲು ಮೂರನೇ ಬ್ರಷ್ ಅನ್ನೋ ಉಪಾಯ ಬಂತು. ಫೋರ್ಡ್ 9ಎನ್‌ನಲ್ಲಿ ಇದ್ದದ್ದು ಅದೇ. ಆ ಬ್ರಷ್‌ನ ಜಾಗ ಕೈಯಿಂದ ಸರಿಸಿ ಎಷ್ಟು ಆಂಪಿಯರ್ ಬೇಕು ಅಂತ ಹೊಂದಿಸಬೇಕಿತ್ತು. ಅದಕ್ಕೆ ಬ್ಯಾಟರಿ ತುಂಬಿದೆಯೋ ಖಾಲಿಯೋ ಗೊತ್ತಾಗ್ತಿರಲಿಲ್ಲ. ಆಮೇಲೆ ವೋಲ್ಟೇಜ್ ರೆಗ್ಯುಲೇಟರ್ ಬಂತು. ಬ್ಯಾಟರಿ ಖಾಲಿ ಇದ್ದಾಗ ಹೆಚ್ಚು, ತುಂಬಿದಾಗ ಕಮ್ಮಿ ಕೊಡೋ ಬುದ್ಧಿವಂತ. ಕಟೌಟ್, ರೆಗ್ಯುಲೇಟರ್ ಎರಡೂ ಒಂದೇ ಡಬ್ಬಿಯಲ್ಲಿ ಬಂದವು. ಬ್ರಿಟಿಷ್ ಗಾಡಿಗಳಲ್ಲಿ ಆ ಡಬ್ಬಿಯ ಮೇಲೆ ಬರ್ಮಿಂಗ್‌ಹ್ಯಾಮ್‌ನ ಲ್ಯೂಕಾಸ್ ಹೆಸರು ಇರುತ್ತಿತ್ತು. 1960ರ ದಶಕದ ಶುರುವಿನಲ್ಲಿ ಲ್ಯೂಕಾಸ್-ಟಿವಿಎಸ್ ಆಗಿ ಅದೇ ಹೆಸರು ಚೆನ್ನೈಗೂ ಬಂತು.

ಮುಳ್ಳು ಹೇಳೋದು ಬ್ಯಾಲೆನ್ಸ್ ಅಲ್ಲ

ಇಲ್ಲಿ ಸ್ವಲ್ಪ ಕಾಮರ್ಸ್ ಬುದ್ಧಿ ಉಪಯೋಗಕ್ಕೆ ಬರುತ್ತೆ. ಫೋನ್ ತೋರಿಸೋ ಪರ್ಸೆಂಟ್ ಪಾಸ್‌ಬುಕ್ಕಿನ ಬ್ಯಾಲೆನ್ಸ್ ಇದ್ದ ಹಾಗೆ. ಅಮ್ಮೀಟರ್ ತೋರಿಸೋದು ಬ್ಯಾಲೆನ್ಸ್ ಅಲ್ಲ, ಆ ಕ್ಷಣದ ವ್ಯವಹಾರ. ಪ್ಲಸ್ ಕಡೆ ಇದ್ದರೆ ಜಮೆ, ಮೈನಸ್ ಕಡೆ ಇದ್ದರೆ ಖರ್ಚು.

ಒಂದು ಲೆಕ್ಕ ಹಾಕೋಣ. ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತೆ, 5 ಸೆಕೆಂಡು ತಿರುಗಿಸಿದಿರಿ ಅಂದುಕೊಳ್ಳಿ. ಖರ್ಚಾದದ್ದು 1000 ಆಂಪಿಯರ್-ಸೆಕೆಂಡ್. ಡೈನಮೋ 10 ಆಂಪಿಯರ್ ವಾಪಸ್ ಕೊಟ್ಟರೆ ಅದನ್ನ ತುಂಬೋಕೆ 100 ಸೆಕೆಂಡು. ಸೋರಿಕೆ ಎಲ್ಲ ಸೇರಿಸಿದರೂ ಕೆಲವೇ ನಿಮಿಷದ ಕೆಲಸ. ಹಾಗಾಗಿ ಸ್ಟಾರ್ಟ್ ಆದ ಕೂಡಲೇ ಪ್ಲಸ್ ಕಡೆ ಹಾರಿದ ಮುಳ್ಳು ಸ್ವಲ್ಪ ಹೊತ್ತಿಗೆ ಸೊನ್ನೆ ಹತ್ತಿರ ಬಂದರೆ ಗಾಬರಿ ಬೇಡ. ಸಾಲ ತೀರಿತು, ರೆಗ್ಯುಲೇಟರ್ ಕೈ ಬಿಗಿಹಿಡಿದಿದೆ ಅಂತ ಅರ್ಥ. ಇದನ್ನೇ "ಚಾರ್ಜ್ ಆಗ್ತಿಲ್ಲ" ಅಂತ ತಿಳಿದು ಸರಿಯಾಗಿರೋ ಡೈನಮೋ ಬಿಚ್ಚಿಸೋರು ಎಷ್ಟೋ ಜನ.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ಹೊಳೆಯುತ್ತೆ. ಚಾರ್ಜಿಂಗ್ ಪೂರ್ತಿ ನಿಂತರೂ ಒಳ್ಳೇ ಬ್ಯಾಟರಿ ಎಷ್ಟೋ ದಿನ ಸ್ಟಾರ್ಟ್ ಮಾಡಿಸುತ್ತೆ. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು, ಬ್ಯಾಟರಿ ಸೋತರೆ ಅದು ದಾರಿಯಲ್ಲೇ ನಿಲ್ಲುತ್ತೆ. ಡೀಸೆಲ್‌ಗೆ ಆ ಕಿಡಿ ಬೇಡ. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ಉಳುತ್ತೆ, ರೋಗ ತೋರಿಸಿಕೊಳ್ಳಲ್ಲ. ತೋರಿಸಿಕೊಳ್ಳೋದು ನಿಮಗೆ ಅದು ಅತ್ಯಂತ ಬೇಕಾದ ಬೆಳಿಗ್ಗೆ!

ಕಬ್ಬಿನ ಸೀಸನ್‌ನಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ರಾತ್ರಿ ಸಾಲಾಗಿ ನಿಂತ ಟ್ರ್ಯಾಕ್ಟರ್‌ಗಳನ್ನ ನೆನೆಸಿಕೊಳ್ಳಿ. ಎಂಜಿನ್ ಐಡಲ್‌ನಲ್ಲಿ, ಹೆಡ್‌ಲೈಟ್ ಆನ್, ಹಾಡೂ ಆನ್. ನಿಧಾನ ವೇಗದಲ್ಲಿ ಡೈನಮೋ ಏನೂ ಕೊಡಲ್ಲ ಅಂದರೂ ತಪ್ಪಿಲ್ಲ. ಎರಡು ಹೆಡ್‌ಲೈಟ್ 7-8 ಆಂಪಿಯರ್ ತಿನ್ನುತ್ತೆ. ಜಮೆ ಇಲ್ಲ, ಖರ್ಚು ಮಾತ್ರ. ಅಲ್ಲಿ ಪಾರ್ಟ್ ಕೆಟ್ಟಿಲ್ಲ, ಬಜೆಟ್ ಕೆಟ್ಟಿದೆ.

ಹುಡುಕೋ ಕ್ರಮ

ಈಗ ಪರೀಕ್ಷೆ. ಬೇಕಾಗಿರೋದು ಒಂದು ಮಲ್ಟಿಮೀಟರ್, ಒಂದು ತುಂಡು ವೈರ್, ಸ್ವಲ್ಪ ತಾಳ್ಮೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಬೆಲ್ಟ್ ಹತ್ತಿರ ಟವೆಲ್, ಸಡಿಲ ತೋಳು ಬೇಡ. ಬ್ಯಾಟರಿ ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ, ಅದರಿಂದ ಬರೋದು ಹೈಡ್ರೋಜನ್.

ಮೊದಲು ಬ್ಯಾಟರಿ. ರಾತ್ರಿ ವಿಶ್ರಾಂತಿ ಆದ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕಮ್ಮಿ ಇದ್ದರೆ ಬಹುತೇಕ ಖಾಲಿ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಡಿ. ವೋಲ್ಟೇಜ್ ಏರಿ 14ರ ಆಸುಪಾಸು ಬಂದರೆ ಚಾರ್ಜ್ ಆಗ್ತಿದೆ. ಏರದೇ ಇದ್ದರೆ ಇಲ್ಲ. 15 ದಾಟಿ ಹೋಗ್ತಿದ್ದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಬ್ಯಾಟರಿ ನೀರು ಕುದ್ದು ಕಮ್ಮಿಯಾಗ್ತಾ ಇರುತ್ತೆ.

ಎರಡನೇದು ಪುಕ್ಕಟೆ ಕೆಲಸಗಳು. ಬೆಲ್ಟ್ ಸಡಿಲ ಇದೆಯಾ? ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದೆಯಾ? ಅಡುಗೆ ಸೋಡಾ ಕಲಸಿದ ಬಿಸಿ ನೀರಲ್ಲಿ ತೊಳೆಯಿರಿ. ಬಾಡಿಗೆ ಹೋಗೋ ಅರ್ಥ್ ವೈರ್ ಪೇಂಟ್ ಮೇಲೆ ಕೂತಿದೆಯಾ, ಲೋಹದ ಮೇಲೆ ಕೂತಿದೆಯಾ? ಡೈನಮೋ, ರೆಗ್ಯುಲೇಟರ್, ಬ್ಯಾಟರಿ ಮೂರೂ ಒಂದೇ ಅರ್ಥ್ ನಂಬಿಕೊಂಡಿರ್ತವೆ. ದುಡ್ಡು ಖರ್ಚು ಮಾಡೋ ಮೊದಲು ಇದು ಮುಗಿಯಲಿ.

ಮೂರನೇದು ಡೈನಮೋ. ಲ್ಯೂಕಾಸ್ ಡೈನಮೋದಲ್ಲಿ ಎರಡು ಟರ್ಮಿನಲ್: ದಪ್ಪದು ಡಿ, ಸಣ್ಣದು ಎಫ್. ಡಿ ಅಂದ್ರೆ ಹುಟ್ಟಿದ ಕರೆಂಟ್ ಹೊರಬರೋ ಬಾಗಿಲು. ಎಫ್ ಅಂದ್ರೆ ಕಾಂತದ ಸುರುಳಿ, ಫೀಲ್ಡ್. ಎರಡೂ ವೈರ್ ಬಿಚ್ಚಿ, ಡಿ ಮತ್ತು ಎಫ್ ಅನ್ನ ವೈರ್ ತುಂಡಿನಿಂದ ಜೋಡಿಸಿ. ಈಗ ಡೈನಮೋ ರೆಗ್ಯುಲೇಟರ್ ಅನ್ನೋ ಮೇಷ್ಟ್ರಿಲ್ಲದ ಕ್ಲಾಸ್ ಇದ್ದ ಹಾಗೆ, ಅಂದ್ರೆ 1867ರ ಯಂತ್ರವೇ. ಮೀಟರನ್ನ ಆ ಜೋಡಿ ಮತ್ತು ಬಾಡಿ ಮಧ್ಯೆ ಇಡಿ. ಎಂಜಿನ್ ನಿಧಾನಕ್ಕೆ ಏರಿಸಿ. ವೋಲ್ಟೇಜ್ ಸರಸರ ಏರಬೇಕು. 20 ವೋಲ್ಟ್ ಹತ್ತಿರ ಬಂದ ಕೂಡಲೇ ನಿಲ್ಲಿಸಿ, ರೇಸ್ ಮಾಡಬೇಡಿ, ಸುರುಳಿ ಸುಟ್ಟೀತು.

ಈ ಒಂದು ಪರೀಕ್ಷೆಯಲ್ಲಿ ಬರೋ ಸಂಖ್ಯೆ ಜಾತಕ ಓದಿದ ಹಾಗೆ ಮಾತಾಡುತ್ತೆ. ಒಂದು ವೋಲ್ಟಿನ ಆಸುಪಾಸಿಗೇ ನಿಂತರೆ, ಶೇಷ ಕಾಂತ ಇದೆ, ಚಕ್ರಬಡ್ಡಿ ನಡೆದಿಲ್ಲ. ಫೀಲ್ಡ್ ಸುರುಳಿ ಮೇಲೆ ಅನುಮಾನ. ನಾಲ್ಕೈದು ವೋಲ್ಟಿಗೆ ನಿಂತರೆ ತಿರುಗೋ ಭಾಗದ, ಅಂದ್ರೆ ಆರ್ಮೇಚರ್ ಸುರುಳಿ ಮೇಲೆ ಅನುಮಾನ. ಪೂರ್ತಿ ಸೊನ್ನೆಯಾದರೆ ಕಾರ್ಬನ್ ಬ್ರಷ್ ನೋಡಿ: ಸವೆದಿರಬಹುದು, ಗೂಡಿನಲ್ಲಿ ಸಿಕ್ಕಿಕೊಂಡಿರಬಹುದು, ಕಮ್ಯುಟೇಟರ್ ಮೇಲೆ ಎಣ್ಣೆ-ಮಸಿ ಕೂತಿರಬಹುದು. ಬ್ರಷ್ ಸರಿ ಇದ್ದೂ ಸೊನ್ನೆಯಾದರೆ ಶೇಷ ಕಾಂತವೇ ಹೋಗಿರಬಹುದು. ಎಂಜಿನ್ ನಿಲ್ಲಿಸಿ, ಎಫ್‌ನ ವೈರ್ ಬಿಚ್ಚಿಕೊಂಡು, ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ಎಫ್ ಟರ್ಮಿನಲ್‌ಗೆ ಒಂದು ಕ್ಷಣ ವೈರ್ ತಾಗಿಸಿದರೆ ಕಬ್ಬಿಣಕ್ಕೆ ಮತ್ತೆ ಕಾಂತ ಬರುತ್ತೆ. ಒಂದು ಎಚ್ಚರಿಕೆ: ಇದು ಲ್ಯೂಕಾಸ್ ಪದ್ಧತಿ. ಅಮೆರಿಕನ್ ಜನರೇಟರ್‌ಗಳಲ್ಲಿ ಫೀಲ್ಡ್ ಜೋಡಣೆ ಬೇರೆ ಬೇರೆ ಥರ ಇರುತ್ತೆ, ಒಂದರ ಮದ್ದು ಇನ್ನೊಂದಕ್ಕೆ ಕೊಡಬಾರದು.

ಡೈನಮೋ ಪಾಸಾದರೆ ವೈರ್‌ಗಳನ್ನ ವಾಪಸ್ ಹಾಕಿ ರೆಗ್ಯುಲೇಟರ್ ಡಬ್ಬಿ ನೋಡಿ. ಎಂಜಿನ್ ನಿಂತು ಒಂದು ಗಂಟೆ ಆದರೂ ಡೈನಮೋ ಬೆಚ್ಚಗೇ ಇದ್ದು, ಅಮ್ಮೀಟರ್ ಮೈನಸ್ ಕಡೆ ವಾಲಿದ್ದರೆ, ಕಟೌಟ್ ಪಾಯಿಂಟ್ ಅಂಟಿಕೊಂಡಿದೆ. ಬಾಗಿಲು ಹಾಕೋದು ಮರೆತಿದೆ. ಕೂಡಲೇ ಬ್ಯಾಟರಿ ವೈರ್ ಬಿಚ್ಚಿ.

ಉಲ್ಟಾ ಬ್ಯಾಟರಿ, ಬದಲಾದ ದೀಪ

ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬಹಳಷ್ಟು ಪಾಸಿಟಿವ್ ಅರ್ಥ್. ಅಂದ್ರೆ ಬ್ಯಾಟರಿಯ ಪ್ಲಸ್ ಬಾಡಿಗೆ. ಫೋರ್ಡ್ 8ಎನ್ ಕೂಡ ಹಾಗೇ, ಅದೂ 6 ವೋಲ್ಟ್. ಈಗಿನ ಹುಡುಗರು ಅಭ್ಯಾಸಬಲದಿಂದ ಮೈನಸ್ಸನ್ನ ಬಾಡಿಗೆ ಹಾಕಿಬಿಡ್ತಾರೆ. ಡೈನಮೋ ಕಾಲದಲ್ಲಿ ಇದಕ್ಕೆ ಪರಿಹಾರ ಇತ್ತು, ಕಾಂತವನ್ನ ಉಲ್ಟಾ ಮಾಡಿದರೆ ಆಯ್ತು. 1960ರ ದಶಕದಲ್ಲಿ ಸಿಲಿಕಾನ್ ಡಯೋಡ್ ಅಗ್ಗವಾಗಿ ಆಲ್ಟರ್ನೇಟರ್ ಬಂದ ಮೇಲೆ ಆ ಕ್ಷಮೆ ಹೋಯ್ತು. ಉಲ್ಟಾ ಹಾಕಿದರೆ ಡಯೋಡ್ ಸುಟ್ಟು ಹೋಗುತ್ತೆ.

ಹಾಗಂತ ಆಲ್ಟರ್ನೇಟರ್ ಕೆಟ್ಟದ್ದಲ್ಲ. ಡಯೋಡ್ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದರಿಂದ ಕಟೌಟ್ ಬೇಕಾಗಲ್ಲ, ಐಡಲ್‌ನಲ್ಲೂ ಚಾರ್ಜ್ ಕೊಡುತ್ತೆ. ಆದರೆ ಒಂದು ಸೂಕ್ಷ್ಮ ನೋಡಿ. ಡೈನಮೋ ಗಾಡಿಯಲ್ಲಿ ಕೆಂಪು ದೀಪ ಬರೀ ಸಾಕ್ಷಿ. ಬ್ಯಾಟರಿ ಮತ್ತು ಡೈನಮೋ ವೋಲ್ಟೇಜ್ ಮಧ್ಯೆ ವ್ಯತ್ಯಾಸ ಇದ್ದರೆ ಉರಿಯುತ್ತೆ, ಸಮ ಆದರೆ ಆರುತ್ತೆ. ಬಲ್ಬ್ ಹೋದರೂ ಚಾರ್ಜ್ ನಡೆಯುತ್ತೆ. ಅನೇಕ ಆಲ್ಟರ್ನೇಟರ್ ಗಾಡಿಗಳಲ್ಲಿ ಅದೇ ಬಲ್ಬಿನ ಮೂಲಕ ಬರೋ ಚೂರು ಕರೆಂಟ್ ಕಾಂತವನ್ನ ಎಬ್ಬಿಸುತ್ತೆ. ಅಲ್ಲಿ ಬಲ್ಬ್ ಹೋದರೆ ಚಾರ್ಜಿಂಗೇ ಶುರುವಾಗದೇ ಇರಬಹುದು. ಕೆಲವು ರೂಪಾಯಿ ಬಲ್ಬಿಗೆ ಸಾವಿರಾರು ರೂಪಾಯಿ ಆಲ್ಟರ್ನೇಟರ್ ಬದಲಾಯಿಸಿದರೆ ಹೇಗಿರುತ್ತೆ, ಯೋಚಿಸಿ.

ನನಗೆ ಈ ವಿಷಯ ಮುಖ್ಯ ಅನ್ನಿಸೋದು ಇಲ್ಲೇ. ಲೆಕ್ಕಪತ್ರದಲ್ಲಿ ಐವತ್ತು ವರ್ಷದ ಟ್ರ್ಯಾಕ್ಟರ್‌ಗೆ ಡಿಪ್ರಿಸಿಯೇಷನ್ ಕಳೆದರೆ ಉಳಿಯೋದು ಗುಜರಿ ಬೆಲೆ. ಆದರೆ ಎರಡು ಎಕರೆ ಇರೋ ಮನೆಗೆ ಅದು ಗುಜರಿ ಅಲ್ಲ, ಬಾಡಿಗೆ ಕೊಡದೆ ಉಳುಮೆ ಮಾಡೋ ಏಕೈಕ ದಾರಿ. ಆ ಗಾಡಿ ಬದುಕೋದು ಪಾರ್ಟ್ ಸಿಗುತ್ತೆ ಅನ್ನೋ ಕಾರಣಕ್ಕೆ ಮಾತ್ರ ಅಲ್ಲ, "ಯಾವ ಪಾರ್ಟ್ ಬದಲಾಯಿಸಬಾರದು" ಅಂತ ಹೇಳೋರು ಇದ್ದಾರೆ ಅನ್ನೋ ಕಾರಣಕ್ಕೆ. ತಾಲ್ಲೂಕು ಬಸ್ ಸ್ಟ್ಯಾಂಡ್ ಹಿಂದಿನ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗಳಲ್ಲಿ ಈ ಡಿ-ಎಫ್ ಪರೀಕ್ಷೆ ಬಲ್ಲ ಹಿರಿಯರು ಕಮ್ಮಿಯಾಗ್ತಿದ್ದಾರೆ. ಅವರು ಓದಿದ್ದು ಪುಸ್ತಕದಲ್ಲಲ್ಲ, ಕೈಯಲ್ಲಿ. ಅವರ ಕೆಲಸವನ್ನ ಒಂದು ಅರ್ಧ ಗಂಟೆ ಫೋನ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಅವರ ಒಪ್ಪಿಗೆ ಕೇಳಿ, ಕೂಲಿ ಕೊಟ್ಟು.

ಹಳೇ ಡೈನಮೋ ಬಗ್ಗೆ ನಿಮ್ಮ ಮನೆಯಲ್ಲಿ ಹಿರಿಯರು ಹೇಳಿದ ಉಪಾಯ ಏನಾದರೂ ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೆ, ಹೊಸ ಬ್ಯಾಟರಿ ತರೋ ಮೊದಲು ಬೆಲ್ಟ್ ಒತ್ತಿ ನೋಡಿ. ಸಿಗೋಣ.